ಗೋಡೆಯಿಂದ ಮೂರನೆಯದು

ನಮ್ಮಣ್ಣ ಪಿಳ್ಳಪ್ಪನನ್ನು ಊರಿನವರೆಲ್ಲ ಪೆದ್ದ ಅಂದರು. ಬಾವಿಯಿರುವ ಹೊಲ ಬಿಟ್ಟುಕೊಟ್ಟು, ಭಾಗದಲ್ಲಿ ಒಂದು ಹಳೇ ತುಪಾಕಿ ತೆಗೆದುಕೊಂಡವನನ್ನು ಇನ್ನೇನನ್ನುತ್ತಾರೆ? ನಾನೂ ಬಾಯಿ ತುಂಬ ಹಾಗೆಯೇ ಅಂದೆ. ಆ ಹೊಲ ಸಿಕ್ಕಿದ್ದು ನನಗೆ.

ಮಾಕಳಿದುರ್ಗದ ಬೆಟ್ಟಸಾಲಿನ ಬುಡದಲ್ಲಿ ನಮ್ಮೂರು. ಕಡಲೇಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಬೆಟ್ಟ ಇಳಿದು ಬರುತ್ತವೆ. ಅವುಗಳಿಗಾಗಿ ನಮ್ಮ ತಾತ ಎಲ್ಲಿಂದಲೋ ತಂದದ್ದು ಆ ತುಪಾಕಿ. ಒಂಟಿ ನಳಿಗೆ, ಅದರ ಬಾಯಿಂದ ಮದ್ದು ತುಂಬಬೇಕು. ತಾತ ಒಮ್ಮೆ ಬಂಡೆಯ ಮೇಲಿಂದ ಜಾರಿಬಿದ್ದಾಗ ಅದರ ಮರದ ಹಿಡಿ ಸೀಳಿತ್ತಂತೆ. ಸೀಳಿಗೆ ಹಿತ್ತಾಳೆಯ ಪಟ್ಟಿ ಸುತ್ತಿ ಏಳು ಮೊಳೆ ಹೊಡೆಸಿದ್ದ. ನಮ್ಮಪ್ಪ ದೊಡ್ಡಮುನಿಯಪ್ಪ ಹಿಡಿದು ಹಿಡಿದು ಆ ಪಟ್ಟಿ ಒಂದು ಕಡೆ ಸವೆದು ನುಣ್ಣಗಾಗಿತ್ತು. ಅಪ್ಪನ ಹೆಬ್ಬೆರಳಿನ ಜಾಗ ಅದು. ಅಪ್ಪ ಇಲ್ಲದಾಗ ಅಣ್ಣ ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡುತ್ತಿದ್ದ. ನಾನು ಬಾಗಿಲ ಮರೆಯಲ್ಲಿ ನಿಂತು ಅವನನ್ನು ನೋಡುತ್ತಿದ್ದೆ.

ಅಪ್ಪ ಬೆಟ್ಟಕ್ಕೆ ಹೋದರೆ ಅಣ್ಣ ಮದ್ದಿನ ಚೀಲ ಹೊತ್ತು ಹಿಂದೆ ಹೋಗುತ್ತಿದ್ದ. ನಾನೂ ಬರುತ್ತೇನೆ ಅಂದರೆ, 'ನೀನು ಎತ್ತು ನೋಡ್ಕೊ ಹೋಗೋ' ಅನ್ನುತ್ತಿದ್ದ ಅಪ್ಪ. ನನಗೆ ಇಪ್ಪತ್ತೆಂಟು ವರ್ಷವಾಗಿ ಎರಡು ಮಕ್ಕಳಾದ ಮೇಲೂ ಅದೇ ಮಾತು. ಆ ತುಪಾಕಿಯನ್ನು ನನ್ನ ಕೈಗೆ ಒಂದು ದಿನ, ಒಂದೇ ಒಂದು ದಿನ ಕೊಡಲಿಲ್ಲ. ಆಯುಧಪೂಜೆಗೆ ಅದನ್ನು ಗೂಟದಿಂದ ಇಳಿಸಿ, ಒರೆಸಿ, ಕುಂಕುಮವಿಟ್ಟು ಹೂ ಮುಡಿಸುವುದು ಅಪ್ಪ ಮತ್ತು ಅಣ್ಣ. ನೇಗಿಲು, ಕುಡುಗೋಲು ತೊಳೆಯುವುದು ನಾನು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆ ಇದು ಕಾರಣ, ಸಮರ್ಥನೆಯಲ್ಲ.

ನಲವತ್ತೊಂದರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ತಿಥಿ ಮುಗಿದ ಮೇಲೆ ಪಂಚಾಯಿತಿಯವರು ಕೂತು ಭಾಗ ಮಾಡಿದರು. ಎಲ್ಲ ಸರಿಯಾಗಿ ಎರಡಾಯಿತು, ತುಪಾಕಿಯೊಂದು ಉಳಿಯಿತು. ಇಬ್ಬರಿಗೂ ಬೇಕು. ಪಂಚರಿಗೆ ಬೇಸರ ಬಂದು, ತುಪಾಕಿ ತಗೊಂಡವನು ಬೆಟ್ಟದಂಚಿನ ಹೊಲ ಬಿಡಬೇಕು ಅಂದರು. ಬಾವಿಯಿದ್ದದ್ದು ಆ ಹೊಲದಲ್ಲಿ ಮಾತ್ರ. ನಾನು ಮನಸ್ಸಿನೊಳಗೇ ಎರಡನ್ನೂ ತೂಗುತ್ತಾ ಕೂತಿದ್ದೆ. ಅಣ್ಣ ತೂಗಲಿಲ್ಲ.

"ಹೊಲ ಅವನಿಗೇ ಇರ್ಲಿ. ಅಪ್ಪನ್ ತುಪಾಕಿ ನಂಗೆ ಕೊಡಿ," ಅಂದ.

ಅತ್ತಿಗೆ ಅಮ್ಮಯಮ್ಮ ಒಳಗಿನಿಂದ ಅಯ್ಯೋ ಅಂದದ್ದು ಎಲ್ಲರಿಗೂ ಕೇಳಿಸಿತು.

ಒಂದು ತಿಂಗಳಾಗಿರಲಿಲ್ಲ, ಪಟೇಲರು ಹೇಳಿಕಳಿಸಿದರು. ಲೈಸೆನ್ಸು ಇದ್ದದ್ದು ದೊಡ್ಡಮುನಿಯಪ್ಪನ ಹೆಸರಿಗೆ. ಆತನ ಜೊತೆ ಅದೂ ಹೋಯಿತು. ಮಗನ ಹೆಸರಿಗೆ ಆಗುವ ತನಕ ತುಪಾಕಿಯನ್ನು ತಾಲ್ಲೂಕು ಕಛೇರಿಗೆ ಒಪ್ಪಿಸಬೇಕು. ಅಣ್ಣ ಅದನ್ನು ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ, ಹೆಗಲ ಮೇಲೆ ಮಲಗಿಸಿಕೊಂಡು ಹೋದ. ಕಛೇರಿಯ ಖಜಾನೆ ಕೋಣೆಯಲ್ಲಿ, ಕಂಬಿಗಳ ಹಿಂದೆ, ಸತ್ತವರ ತುಪಾಕಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರಂತೆ. ನಮ್ಮದನ್ನು ಗೋಡೆಯಿಂದ ಮೂರನೆಯದಾಗಿ ನಿಲ್ಲಿಸಿದರು. ಕತ್ತಲ ಕೋಣೆ, ನಳಿಗೆಯ ತುದಿ ಬಿಟ್ಟು ಏನೂ ಕಾಣದು. ಆದರೂ ಸಂಜೆ ಬಂದು, "ಗೋಡೆಯಿಂದ ಮೂರ್ನೇದು ಕಣೋ ಕೊಂಡ," ಅಂತ ನನಗೆ ಹೇಳಿ ಹೋದ, ಮಗನನ್ನು ಎಲ್ಲೋ ಓದಲು ಬಿಟ್ಟು ಬಂದವನ ಹಾಗೆ.

ಅರ್ಜಿ ಹಾಕಿದ. ಶಾನುಭೋಗರು ಅರ್ಜಿ ಬರೆಯುತ್ತಾ, ಬೆಳೆ ಕಾಯುವುದಕ್ಕೆ ಅಂತ ಕೇಳಿದರೆ ಕೊಡುತ್ತಾರೆ, ಕಾಡಂಚಿನಲ್ಲಿ ನಿನ್ನ ಹೊಲ ಯಾವುದಿದೆ ಅಂತ ಕೇಳಿದರು. ಅಣ್ಣನಿಗೆ ಉಳಿದಿದ್ದದ್ದು ಊರ ಮಗ್ಗುಲಿನ ಬಯಲು. ಅಲ್ಲಿಗೆ ಹಂದಿ ಬರಬೇಕಾದರೆ ಊರೊಳಗೇ ಹಾದು ಬರಬೇಕು! ತುಪಾಕಿಗೆಂದು ಹೊಲ ಬಿಟ್ಟ. ಹೊಲವಿಲ್ಲವೆಂದು ತುಪಾಕಿ ಸಿಗಲಿಲ್ಲ. ಅರ್ಜಿ ವಾಪಸು ಬಂತು.

ಅವನು ನನ್ನ ಜಗಲಿಯ ಮೇಲೆ ಬಂದು ಕೂತ.

"ಬೆಟ್ಟದಂಚಿನ ಹೊಲ ಇಬ್ರೂ ಸೇರಿ ಮಾಡ್ತೀವಿ ಅಂತ ಒಂದು ಬರ್ಕೊಡೋ. ಲೈಸೆನ್ಸ್ ಆದ್ಮೇಲೆ ಹರಿದ್ಹಾಕ್ಬಿಡು."

ನನಗೆ ಭಯವಾಯಿತು. ಇವತ್ತು ಬರೆದುಕೊಟ್ಟರೆ ನಾಳೆ ಬಾವಿಯಲ್ಲಿ ಪಾಲು ಕೇಳುತ್ತಾನೆ ಅನ್ನಿಸಿತು. ಅಂಥವನಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅನ್ನಿಸಿತು.

"ಬೇಕಾದ್ರೆ ನನ್ ಹೆಸರಿಗೇ ಲೈಸೆನ್ಸ್ ಮಾಡಿಸ್ತೀನಿ ಬಿಡಣ್ಣ," ಅಂದೆ.

ಅವನು ಹೆಗಲ ಮೇಲಿನ ಟವಲು ಕೊಡವಿ ಎದ್ದ. "ಅಪ್ಪ ನಿನ್ ಕೈಗೆ ಕೊಟ್ಟಿದ್ನೇನೋ ಅದನ್ನ?" ಅಂದ.

ಆ ಒಂದು ಮಾತು ಮುಳ್ಳಿನ ಹಾಗೆ ಎದೆಯಲ್ಲಿ ಮುರಿದುಕೊಂಡು ಕೂತಿತು.

ಅಲ್ಲಿಂದ ಪ್ರತಿ ವರ್ಷ ಆಯುಧಪೂಜೆಯ ಮುಂಚಿನ ದಿನ ಅಣ್ಣ ಕಛೇರಿಗೆ ನಡೆದು ಹೋಗುತ್ತಿದ್ದ. ಖಜಾನೆಯ ಪಹರೆಯ ದಫೇದಾರ ಚಿನ್ನಸ್ವಾಮಿ ಒಳ್ಳೆಯ ಮನುಷ್ಯ. ಕಂಬಿಯ ಹೊರಗೆ ನಿಲ್ಲಿಸಿ, ಕುಂಕುಮ, ಹೂವು ತಾನೇ ಇಸಿದುಕೊಂಡು, ಗೋಡೆಯಿಂದ ಮೂರನೆಯದಕ್ಕೆ ಹಚ್ಚಿ ಬರುತ್ತಿದ್ದ. ಅಣ್ಣ ಕೈಮುಗಿದು, ಕಣ್ಣು ಮುಚ್ಚಿ ನಿಂತು, ಮತ್ತೆ ಹತ್ತು ಮೈಲಿ ನಡೆದು ಬರುತ್ತಿದ್ದ. ಚೆಂಡುಹೂವು ನನ್ನ ಹೊಲದ್ದು. ಬದುವಿನ ಮೇಲೆ ಬೆಳೆದಿದ್ದೆ. ಬೇಡವೆನ್ನಲು ಮನಸ್ಸಾಗದೆ ನಾನೇ ಕಿತ್ತು ಕೊಡುತ್ತಿದ್ದೆ.

ನಲವತ್ತಮೂರು ಶುರುವಾದ ಮಾಗಿಯಲ್ಲಿ ಊರ ತೋಟಿ ಒಂದು ನೋಟೀಸು ತಂದ. ದೊಡ್ಡಮುನಿಯಪ್ಪನ ವಾರಸುದಾರರಿಗೆ ಅಂತ ಇತ್ತು. ಅಣ್ಣ ಸಂತೆಗೆ ಹೋಗಿದ್ದ. ನಾನು ರುಜು ಹಾಕಿ ತೆಗೆದುಕೊಂಡೆ. ಅಣ್ಣನಿಗೆ ಓದು ಬಾರದು. ನನಗೆ ಕೂಡಿಸಿಕೊಂಡು ಓದುವಷ್ಟು ಬರುತ್ತದೆ. ಮೂರು ತಿಂಗಳೊಳಗೆ ಬಂದು ಲೈಸೆನ್ಸ್ ಇರುವ ಯಾರ ಹೆಸರಿಗಾದರೂ ಮಾಡಿಸದಿದ್ದರೆ ತುಪಾಕಿಯನ್ನು ಮುರಿಸಿಹಾಕಲಾಗುವುದು ಎಂದಿತ್ತು.

ನಾಳೆ ಹೇಳೋಣ ಅಂದುಕೊಂಡು ಅದನ್ನು ಹೆಂಚಿನ ಸಂದಿಗೆ ಸಿಕ್ಕಿಸಿದೆ. ಮಾರನೆಯ ದಿನ ಅಣ್ಣ ಎದುರಾದಾಗ ಅವನ ಆ ಮಾತು ನೆನಪಾಯಿತು. ಅಪ್ಪ ನಿನ್ ಕೈಗೆ ಕೊಟ್ಟಿದ್ನೇನೋ? ಇನ್ನೊಂದು ವಾರ ಬಿಟ್ಟೆ. ಒಂದು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಏನು ಹೇಳಲಿ ಅಂತ ಸುಮ್ಮನಾದೆ. ಮೂರು ತಿಂಗಳು ಕಳೆಯಿತು. ನನಗೆ ಸಂತೋಷವಾಯಿತೇ? ಆಯಿತು. ಎಂಟು ದಿನ ಆಯಿತು. ಆಮೇಲೆ ಹಬ್ಬ ಬಂತು, ಅಣ್ಣ ಹೂವು ಕೇಳಲು ಬಂದ.

ಕಿತ್ತು ಕೊಟ್ಟೆ. ಇಲ್ಲದ ತುಪಾಕಿಗೆ ಐದು ವರ್ಷ ಹೂವು ಕಿತ್ತು ಕೊಟ್ಟೆ, ನನ್ನ ಈ ಕೈಯಲ್ಲೇ.

ವಿಚಿತ್ರವೆಂದರೆ ಅಣ್ಣ ಪ್ರತಿ ಸಲವೂ ತೃಪ್ತಿಯಿಂದಲೇ ಬರುತ್ತಿದ್ದ. "ಹಂಗೇ ಐತೆ ಕಣೋ, ಮೂರ್ನೇದು," ಅನ್ನುತ್ತಿದ್ದ. ಸಾಲಿನಿಂದ ಒಂದು ಹೋದರೆ ಅದರ ಜಾಗಕ್ಕೆ ಪಕ್ಕದ್ದು ಸರಿಯುತ್ತದೆ ಅಂತ ನನಗೆ ಅರ್ಥವಾಯಿತು. ಯಾರದ್ದೋ ಮನೆಯ ತುಪಾಕಿಗೆ ನಮ್ಮಣ್ಣ ಕೈಮುಗಿಯುತ್ತಿದ್ದ.

ನಲವತ್ತೆಂಟರಲ್ಲಿ ಅವನಿಗೆ ಕೆಮ್ಮು ಕಚ್ಚಿಕೊಂಡಿತ್ತು, ಒಬ್ಬನೇ ನಡೆಯಲಾರ. ಜೊತೆಗೆ ಬಾರೋ ಅಂದ. ಏನು ನೆಪ ಹೇಳಲಿ? ಹೋದೆ.

ಚಿನ್ನಸ್ವಾಮಿಗೆ ವರ್ಗವಾಗಿತ್ತು. ಹೊಸ ದಫೇದಾರ ಖಜಾನೆಯ ಬಾಗಿಲು ತೆರೆದಿಟ್ಟುಕೊಂಡು ಯಾರಿಗೋ ತುಪಾಕಿ ಒಪ್ಪಿಸುತ್ತಿದ್ದ. ತೂಬಗೆರೆ ಕಡೆಯ ರಾಮಾಂಜಿನಪ್ಪ ಅನ್ನುವವರು, ತೀರಿಕೊಂಡ ತಂದೆಯ ತುಪಾಕಿಗೆ ಹೊಸ ಲೈಸೆನ್ಸ್ ಮಾಡಿಸಿ ಕೈಯಲ್ಲಿ ಹಿಡಿದು ನಿಂತಿದ್ದರು. ಹೊರಗೆ ಬಂದ ತುಪಾಕಿಯ ನಳಿಗೆಯ ತುಂಬ ಒಣಗಿದ ಕುಂಕುಮ, ಪದರ ಪದರವಾಗಿ.

"ಸ್ವಾಮಿ, ಅದು ನಮ್ದು!" ಅಂತ ಅಣ್ಣ ಓಡಿಹೋಗಿ ಹಿಡಿದುಕೊಂಡ. ಅವನ ಹೆಬ್ಬೆರಳು ಹಿಡಿಯ ಮೇಲೆ ಹಿತ್ತಾಳೆಯ ಪಟ್ಟಿ ಹುಡುಕಿತು. ಮೇಲೆ ಹುಡುಕಿತು, ಕೆಳಗೆ ಹುಡುಕಿತು. ಬರೀ ಮರ. ಅವನು ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟ.

ದಫೇದಾರ ಗುಮಾಸ್ತನನ್ನು ಕರೆದ. ಅವನು ದಫ್ತರು ತೆಗೆದು ಓದಿದ. "ದೊಡ್ಡಮುನಿಯಪ್ಪಂದಾ? ಅದು ನಲವತ್ತಮೂರರಲ್ಲೇ ಮುರಿದುಹಾಕಿದ್ದಾರಲ್ಲ ಗೌಡ್ರೇ. ನೋಟೀಸು ಜಾರಿಯಾಗಿದೆ. ಕೊಂಡಪ್ಪ ಅಂತ ರುಜು ಇದೆ."

ಅಣ್ಣ ನನ್ನ ಕಡೆ ತಿರುಗಲಿಲ್ಲ. ಟವಲು ತೆಗೆದು, ರಾಮಾಂಜಿನಪ್ಪನವರ ತುಪಾಕಿಯ ಕುಂಕುಮ ಒರೆಸತೊಡಗಿದ. ಐದು ವರ್ಷದ್ದು, ಸುಲಭಕ್ಕೆ ಹೋಗುವುದಿಲ್ಲ. ಉಗುರಿನಿಂದ ಕೆರೆದ.

"ಇರ್ಲಿ ಬಿಡಿ ಯಜಮಾನ್ರೇ," ಅಂದರು ಅವರು, ಏನೂ ತಿಳಿಯದೆ.

"ಬ್ಯಾಡಿ. ನಿಮ್ಮಪ್ಪನ್ ಆಯುಧ. ನಮ್ ಮನೆ ಕುಂಕುಮ ಯಾಕೆ ಇರ್ಬೇಕು?" ಅಂದ. ಒರೆಸಿ ಮುಗಿಸಿ, ಅವರ ಕೈಗೆ ಕೊಟ್ಟು, ಹೊರಟ.

ಹತ್ತು ಮೈಲಿ ನಡೆದೆವು. ಕೆಮ್ಮು ಬಂದಾಗ ನಿಲ್ಲುತ್ತಿದ್ದ, ನಾನೂ ನಿಲ್ಲುತ್ತಿದ್ದೆ. ಬೈದಿದ್ದರೆ, ಒಂದೇಟು ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಹೊಲದ ಬದುವಿನ ಹತ್ತಿರ ಬಂದಾಗ, ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನು ಗಿಡಗಳ ಬುಡದಲ್ಲಿಟ್ಟ.

"ಹೂವೆಲ್ಲಾ ಚೆನ್ನಾಗಿದ್ವು ಕಣೋ ಕೊಂಡ, ಒಂದು ವರ್ಷಾನೂ ಬಾಡಿದ್ದು ಕೊಟ್ಟಿಲ್ಲ ನೀನು," ಅಂದ.

ಮಾರನೆಯ ದಿನ ಹಬ್ಬ. ತಡೆಯಲಾರದೆ ಅವನ ಮನೆಗೆ ಹೋದೆ. ಅತ್ತಿಗೆ ನನ್ನನ್ನು ಕಂಡು ಒಳಗೆ ಹೋದಳು. ನಡುಮನೆಯ ಗೋಡೆಯಲ್ಲಿ ತುಪಾಕಿ ತೂಗುತ್ತಿದ್ದ ಎರಡು ಮರದ ಗೂಟಗಳು ಹಾಗೇ ಇದ್ದವು. ಅವುಗಳಿಗೆ ಕುಂಕುಮವಿಟ್ಟು ಅಣ್ಣ ಕೆಳಗೆ ಕೂತಿದ್ದ.

"ತಪ್ಪಾಯ್ತು ಅಣ್ಣಯ್ಯ," ಅಂದೆ. "ಬೆಟ್ಟದಂಚಿನ ಹೊಲ ನೀನೇ ಇಟ್ಕೊ. ಬಾವಿ ಸಮೇತ. ನಾಳೇನೇ ಶಾನುಭೋಗರ ಹತ್ರ ಬರ್ಕೊಡ್ತೀನಿ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಆ ಹೊತ್ತಿನಲ್ಲಿ ಮುಖ ಥೇಟು ಅಪ್ಪನದೇ.

"ಹೊಲ ಕೊಟ್ರೆ ಲೈಸೆನ್ಸ್ ಸಿಗ್ತದೆ ಕಣೋ," ಅಂದ. "ತುಪಾಕಿ ಎಲ್ಲಿಂದ ತರ್ಲಿ?"

ಅವನು ಕೆಮ್ಮು ತಡೆದುಕೊಂಡು ಎದ್ದು, ಬಾಗಿಲ ತನಕ ಬಂದ.

"ಹೋಗು," ಅಂದ. "ಎತ್ತು ನೋಡ್ಕೊ ಹೋಗು."