ಅಪ್ಪನ ಕೋಟು, ಮಗಳ ಹೆಗಲು

ಡೇಗು ನಗರದ ಸೊಮುನ್ ಮಾರುಕಟ್ಟೆಯ ಬಟ್ಟೆ ಓಣಿಯಲ್ಲಿ ಇನ್ನೂ ಯಾರೂ ಬಾಗಿಲು ತೆಗೆದಿಲ್ಲ. ನೂಡಲ್ಸ್ ಮಾರುವವಳು ಮಾತ್ರ ಒಲೆ ಹಚ್ಚಿದ್ದಾಳೆ. ಅವಳ ಎದುರಿಗಿರುವ ಗೂಡಿನಂಥ ಅಂಗಡಿಯಲ್ಲಿ ಬಟ್ಟೆ ರಿಪೇರಿ ಮಾಡುವ ಹೆಂಗಸು ಪ್ಯೋ ಮಾಲ್‌ಸುಕ್ ಕಪ್ಪು ಕೋಟೊಂದನ್ನು ತೊಡೆಯ ಮೇಲೆ ಹರವಿಕೊಂಡು ತೋಳಿನ ಹೊಲಿಗೆ ಬಿಚ್ಚುತ್ತಿದ್ದಾರೆ. ಸೂಜಿಯ ಮೊನೆಯಿಂದ ದಾರ ಎತ್ತುವುದು, ಪುಟ್ಟ ಕತ್ತರಿ ತಾಗಿಸುವುದು, ಎಳೆಯುವುದು. ಬೆರಳು ಚಳಿಗೆ ಮರಗಟ್ಟಿದಾಗ ಇಸ್ತ್ರಿಪೆಟ್ಟಿಗೆಯ ಹತ್ತಿರ ಒಂದು ಗಳಿಗೆ ಕೈ ಹಿಡಿಯುತ್ತಾರೆ.

ಸ್ಟೂಲಿನ ಮೇಲೆ ಕೂತಿರುವ ಗೂ ಹೇರಿನ್ ನಿನ್ನೆಯಿಂದ ಈ ಕೋಟಿನ ಒಡತಿ. ಬಸ್ಸು ಓಡಿಸುತ್ತಿದ್ದ ಅವಳ ಅಪ್ಪ ನಿನ್ನೆ ಬೆಳಿಗ್ಗೆ ತೀರಿಕೊಂಡರು. ಅವರು ಅಳತೆ ಕೊಟ್ಟು ಹೊಲಿಸಿಕೊಂಡಿದ್ದು ಜೀವಮಾನದಲ್ಲಿ ಇದೊಂದೇ ಕೋಟು, ಅವರಿಗಿದ್ದದ್ದು ಇವಳೊಬ್ಬಳೇ ಮಗಳು. ಇವತ್ತು ಮಧ್ಯಾಹ್ನದೊಳಗೆ ದೇಹಕ್ಕೆ ಕೊನೆಯ ಬಟ್ಟೆ ತೊಡಿಸುತ್ತಾರೆ. ಆಮೇಲೆ ಶೋಕಭವನದಲ್ಲಿ ಸತ್ತವರ ಭಾವಚಿತ್ರದ ಪಕ್ಕ ಮೊದಲು ನಿಂತು ಮನೆಯವರ ಪರವಾಗಿ ನಮಸ್ಕಾರ ಸ್ವೀಕರಿಸುವವರ ತೋಳಿಗೆ ಎರಡು ಗೆರೆಯ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿ ಗಂಡಸರ ಕೋಟಿನ ತೋಳಿಗೇ ಎಂದು ಊರೆಲ್ಲ ನಂಬಿದೆ. ಹೆಂಗಸರಿಗೆ ಶೋಕಭವನದವರು ಕೊಡುವುದು ಕಪ್ಪು ಲಂಗ, ಜೊತೆಗೆ ಬಂದವರಿಗೆ ಸಾರು ಬಡಿಸುವ ಕೆಲಸ. ಹೇರಿನ್‌ಗೆ ಅದು ಬೇಡ. ಅಪ್ಪನನ್ನು ಕೊನೆಯವರೆಗೂ ನೋಡಿಕೊಂಡವಳು ತಾನು, ಮುಂದೆ ನಿಲ್ಲುವವಳೂ ತಾನೇ ಎನ್ನುವುದು ಅವಳ ಹಟ.

"ಬಾಡಿಗೆ ಕೋಟು ಸಿಗ್ತಿತ್ತು ಚಿಕ್ಕಮ್ಮ. ಆದ್ರೆ ಅಪ್ಪಂದೇ ಹಾಕ್ಕೋಬೇಕು ಅನ್ನಿಸ್ತು." ನಂಟಿಲ್ಲದಿದ್ದರೂ ಮಾರುಕಟ್ಟೆಯ ಹಿರಿಯ ಹೆಂಗಸರನ್ನು ಅವಳು ಕರೆಯುವುದು ಹಾಗೆಯೇ.

"ಬಾಡಿಗೆದಾದ್ರೆ ನಿನ್ನ ಚಿಕ್ಕಪ್ಪ ಬಿಚ್ಚಿಸಿ ಅವನ ಮಗನಿಗೆ ಹಾಕಿಬಿಡ್ತಾನೆ. ಇದು ನಿನ್ನ ಮೈಗೇ ಕೂತಿರ್ಬೇಕು. ಆಮೇಲೆ ನೋಡೋಣ, ಇನ್ಯಾರಿಗೆ ಹಿಡಿಸುತ್ತೋ ಅಂತ," ಎನ್ನುತ್ತಾರೆ ಮಾಲ್‌ಸುಕ್. "ಗುಂಡಿ ಮಾತ್ರ ಗಂಡಸರ ಕೋಟಿನ ಹಾಗೆ ಬಲಗಡೆಗೇ ಇರುತ್ತೆ. ಅದು ನನ್ನ ಕೈಲಾಗಲ್ಲ."

"ಇರ್ಲಿ ಬಿಡಿ."

"ಇರ್ಲಿ ಅಂತಾನೇ ನಾನೂ ಅನ್ನೋದು."

ಕೋಟಿನ ಸೊಂಟ ಹಿಡಿಯುವುದು, ಬೆನ್ನು ಹಿಡಿಯುವುದು ದೊಡ್ಡ ಮಾತಲ್ಲ. ಹೆಗಲಿನ ಅಗಲ ಇಳಿಸುವುದು ಹಾಗಲ್ಲ. ಎರಡೂ ತೋಳು ಬಿಚ್ಚಿ, ಒಳಗಿನ ಹತ್ತಿಯ ಮೆತ್ತೆ ತೆಗೆದು, ಹೆಗಲಿನ ಬಟ್ಟೆ ಕತ್ತರಿಸಿ, ದೊಡ್ಡ ತೋಳನ್ನು ಚಿಕ್ಕ ಬಾಯಿಗೆ ಸುಕ್ಕಿಲ್ಲದೆ ಕೂರಿಸಬೇಕು. ಹೆಸರು ಮಾಡಿದ ದರ್ಜಿಗಳೂ ಹೊಸ ಕೋಟು ಹೊಲಿಯುವುದೇ ಮೇಲು ಎಂದು ಕೈ ಚೆಲ್ಲುವ ಕೆಲಸ ಇದು. ಮಾಲ್‌ಸುಕ್ ಕೈ ಚೆಲ್ಲುವವರಲ್ಲ.

ಅವರ ಹೆಸರಿನಲ್ಲೇ ಒಂದು ಕುಟುಕಿದೆ. ಅವರ ಭಾಷೆಯಲ್ಲಿ ಮಾಲ್ ಎಂದರೆ ಕೊನೆ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಇನ್ನು ಸಾಕು ಎಂದು ಅಪ್ಪ ಇಟ್ಟ ಹೆಸರು. ಹದಿನಾರಕ್ಕೆ ಕೋಟು ಹೊಲಿಯುವ ಅಂಗಡಿ ಸೇರಿದರು. ಅಲ್ಲಿ ಗಂಡಸರು ಕೋಟು ಕಟ್ಟುತ್ತಿದ್ದರು, ಹುಡುಗಿಯರು ಅಸ್ತರು ಹಚ್ಚಿ ಕಾಜಾ ಮಾಡುತ್ತಿದ್ದರು. ಹೆಣ್ಣಿನ ಕೈಗೆ ಹೆಗಲು ಒಗ್ಗುವುದಿಲ್ಲ ಎಂದು ಒಡೆಯ ಹೇಳುತ್ತಿದ್ದನಂತೆ. ಆದರೆ ಗಿರಾಕಿ ಒಪ್ಪದ ಕೋಟು ವಾಪಸು ಬಂದಾಗ ಬಿಚ್ಚುವ ಬೇಸರದ ಕೆಲಸ ಹುಡುಗಿಯರದ್ದೇ. "ಅವ್ರು ಹೊಲಿದು ಕಲಿತ್ರು, ನಾನು ಬಿಚ್ಚಿ ಕಲಿತೆ. ಅವ್ರ ತಪ್ಪೆಲ್ಲ ನನ್ನ ಕೈ ಮೇಲೇ ಹಾದು ಹೋಗ್ತಿತ್ತಲ್ಲ," ಎಂದು ಮಾಲ್‌ಸುಕ್ ನಗುತ್ತಾರೆ. ಸಿದ್ಧ ಉಡುಪು ಬಂದು ಆ ಅಂಗಡಿ ಮುಚ್ಚಿತು. ಗಂಡಸರು ಟ್ಯಾಕ್ಸಿಯ ಸ್ಟೇರಿಂಗ್ ಹಿಡಿದರು. ಇವರು ಈ ಗೂಡು ಹಿಡಿದರು.

ಇನ್ನೊಂದು ಮಾತನ್ನು ಅವರು ನಗದೆ ಹೇಳುತ್ತಾರೆ. ಅವರ ಅಪ್ಪ ಸತ್ತಾಗ ಮುಂದೆ ನಿಂತಿದ್ದು ದೊಡ್ಡಪ್ಪನ ಮೊಮ್ಮಗ. ಅಪ್ಪನ ಮುಖವನ್ನೇ ಸರಿಯಾಗಿ ನೋಡಿರದ ಹುಡುಗ. ಅವನ ಕೋಟು ದೊಗಳೆಯಾಗಿದೆ ಎಂದು ಹಿರಿಯರು ಅದನ್ನು ಮಾಲ್‌ಸುಕ್ ಕೈಗೇ ಕೊಟ್ಟರು. "ನನ್ನ ಜಾಗದಲ್ಲಿ ನಿಲ್ಲೋನಿಗೆ ನಾನೇ ಕೋಟು ಸರಿ ಮಾಡ್ಕೊಟ್ಟೆ. ಚೆನ್ನಾಗೇ ಮಾಡ್ಕೊಟ್ಟೆ. ಅವತ್ತು ಬಾಯಿ ಬಿಡ್ಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ ನಂಗೆ."

ಹೇರಿನ್ ಮೈಮೇಲೆ ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಇಟ್ಟು ನೋಡಿ, ಹೆಗಲಿಗೆ ಸೀಮೆಸುಣ್ಣದ ಗೆರೆ ಎಳೆದು, ಮಾಲ್‌ಸುಕ್ ಅದನ್ನು ಮೇಜಿನ ಮೇಲೆ ಹಾಸುತ್ತಾರೆ. ಆಗಲೇ ಬಾಗಿಲಿಗೆ ಒಬ್ಬರು ಅಡ್ಡ ನಿಲ್ಲುತ್ತಾರೆ. ಹೇರಿನ್‌ಳ ಚಿಕ್ಕಪ್ಪ. ಇದೇ ಮಾರುಕಟ್ಟೆಯಲ್ಲಿ ಕಾಲುಚೀಲದ ಸಗಟು ಅಂಗಡಿ ಇಟ್ಟವರು.

"ಅಣ್ಣನ ಕೋಟು ಕೊಡಿ. ಅದು ಅವನ ಜೊತೆ ಶವಪೆಟ್ಟಿಗೆಗೆ ಹೋಗ್ಬೇಕು. ಮುಂದೆ ನನ್ನ ಮಗ ನಿಲ್ತಾನೆ."

"ಅಪ್ಪ ಹಾಸಿಗೆ ಹಿಡಿದಾಗ ಅವ್ನು ಎಷ್ಟು ಸಲ ಬಂದ ಚಿಕ್ಕಪ್ಪ?" ಎಂದು ಹೇರಿನ್ ಕೇಳುತ್ತಾಳೆ.

"ನಿನ್ನ ಹತ್ರ ಮಾತಾಡ್ತಿಲ್ಲ ನಾನು." ಅವರು ಮಾಲ್‌ಸುಕ್ ಕಡೆ ತಿರುಗುತ್ತಾರೆ. "ಇದು ನಮ್ಮ ಮನೆ ವಿಷ್ಯ ಕಣಮ್ಮಾ. ಸೂಜಿ ಕೆಳಗಿಡಿ."

ಮಾಲ್‌ಸುಕ್ ಸೂಜಿ ಕೆಳಗಿಡುತ್ತಾರೆ. ದೊಡ್ಡ ಕತ್ತರಿ ಕೈಗೆತ್ತಿಕೊಳ್ಳುತ್ತಾರೆ.

"ಇಟ್ಟೆ ಯಜಮಾನ್ರೇ. ಕೋಟು ತಂದವಳು ಇವಳು. ಬೇಡ ಅಂತ ಇವಳು ಹೇಳ್ಲಿ, ಇಲ್ಲಿಗೇ ಬಿಡ್ತೀನಿ." ಆಮೇಲೆ ದನಿ ಇಳಿಸಿ, "ಯೋಚ್ನೆ ಮಾಡಿ ಹೇಳು ಮಗಾ. ಕತ್ತರಿ ಬಿದ್ಮೇಲೆ ಇದು ಮತ್ತೆ ನಿಮ್ಮಪ್ಪನ ಅಳತೆಗೆ ಬರಲ್ಲ."

ಹೇರಿನ್ ಚಿಕ್ಕಪ್ಪನನ್ನು ನೋಡುವುದಿಲ್ಲ, ಕೋಟನ್ನು ನೋಡುತ್ತಾಳೆ. ಅಗಲ ಹೆಗಲು, ಸೀಟುಬೆಲ್ಟು ಉಜ್ಜಿ ಹೊಳಪು ಬಂದ ಎದೆಯ ಭಾಗ. ಅವಳ ಕಣ್ಣು ತುಂಬುತ್ತದೆ. "ಕತ್ತರಿಸಿ ಚಿಕ್ಕಮ್ಮ," ಎನ್ನುತ್ತಾಳೆ.

ಕತ್ತರಿ ಗೆರೆಯ ಮೇಲೆ ಒಂದೇ ಸಮನೆ ಸಾಗುತ್ತದೆ. ಬಲ ಹೆಗಲು ಆಯಿತು, ಎಡ ಹೆಗಲು ಆಯಿತು. ಚಿಕ್ಕಪ್ಪನ ಮುಖ ಕೆಂಪಗಾಗುತ್ತದೆ. "ನಾಳೆಯಿಂದ ಈ ಓಣಿಯೋರು ಯಾರು ನಿಮ್ಮ ಹತ್ರ ಬರ್ತಾರೋ ನಾನೂ ನೋಡ್ತೀನಿ."

"ನೋಡಿ. ನಾನೇನು ನಿಮ್ಮ ಕಾಲುಚೀಲಕ್ಕೆ ತೇಪೆ ಹಾಕಿ ಬದುಕ್ತಿಲ್ಲ."

ಎದುರಿನ ನೂಡಲ್ಸ್ ಅಂಗಡಿಯವಳು ಸೆರಗಿಲ್ಲದ್ದಕ್ಕೆ ಸೌಟಿನಲ್ಲೇ ನಗು ಮುಚ್ಚಿಕೊಳ್ಳುತ್ತಾಳೆ. ಚಿಕ್ಕಪ್ಪ ಹೊರಟುಹೋಗುತ್ತಾರೆ. ಮೆತ್ತೆ ಸಣ್ಣದಾಗುತ್ತದೆ, ತೋಳು ಕೂರುತ್ತದೆ, ಇಸ್ತ್ರಿಯ ಹಬೆ ಏಳುತ್ತದೆ. ಒಳಜೇಬಿನ ಮೇಲೆ ದಾರದಲ್ಲಿ ಕಸೂತಿ ಮಾಡಿದ ಅಪ್ಪನ ಹೆಸರನ್ನು ಮಾಲ್‌ಸುಕ್ ಮುಟ್ಟುವುದಿಲ್ಲ.

ಮಧ್ಯಾಹ್ನ ಅವರು ಅಂಗಡಿಗೆ ಬೀಗ ಹಾಕಿ ಶೋಕಭವನಕ್ಕೆ ಹೋಗುತ್ತಾರೆ. ಚಿತ್ರದ ಪಕ್ಕ ಮೊದಲು ನಿಂತಿರುವವಳು ಹೇರಿನ್. ಎರಡು ಗೆರೆಯ ಪಟ್ಟಿ ಅವಳ ತೋಳಿನ ಮೇಲಿದೆ. ಚಿಕ್ಕಪ್ಪನ ಮಗ ಅವಳ ಪಕ್ಕ ಎರಡನೆಯವನಾಗಿ ನಿಂತಿದ್ದಾನೆ, ಚಿಕ್ಕಪ್ಪ ಗೋಡೆ ನೋಡುತ್ತಿದ್ದಾರೆ. ನಮಸ್ಕರಿಸಿ ಎದ್ದ ಮುದುಕರೊಬ್ಬರು, "ಗಂಡುಮಕ್ಳು ಯಾರೂ ಇಲ್ವೇನಮ್ಮಾ?" ಎಂದು ಕೇಳುತ್ತಾರೆ.

"ಇಲ್ಲ ಅಜ್ಜ. ನಾನಿದೀನಿ," ಎನ್ನುತ್ತಾಳೆ ಹೇರಿನ್.

ಪಟ್ಟಿ ತಂದವರು ಯಾರಿಗೆ ಕಟ್ಟಲಿ ಎಂದು ಕೇಳಿದಾಗ ಚಿಕ್ಕಪ್ಪ ಮಗನನ್ನು ತೋರಿಸಿದರಂತೆ, ಅಷ್ಟರಲ್ಲಿ ಇವಳು ಕೈ ಚಾಚಿಯಾಗಿತ್ತಂತೆ. ಕೋಟಿನ ತೋಳು ಎದುರಿಗಿತ್ತು, ಅವರು ಕಟ್ಟಿದರು.

ಗಿರಾಕಿಗಳು ಕಡಿಮೆಯಾದರೆ ಎಂಬ ಮಾತಿಗೆ ಮಾಲ್‌ಸುಕ್ ಸೊಪ್ಪು ಹಾಕುವುದಿಲ್ಲ. ಅವರಿಗೆ ಇರುವುದೂ ಒಬ್ಬಳೇ ಮಗಳು, ಶಾಲೆಯ ವ್ಯಾನು ಓಡಿಸುತ್ತಾಳೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಅವರು ಹಿಂದಿನ ಗೂಟದಲ್ಲಿ ತೂಗುತ್ತಿರುವ ಕಪ್ಪು ಕೋಟಿನ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ.

"ನಾನು ಸತ್ತಾಗ ಅವಳು ಹಾಕ್ಕೊಳ್ಳೋದು. ಹೊಲಿದಿಟ್ಟು ವರ್ಷಗಳಾದ್ವು. ದಪ್ಪ ಆಗ್ಬೇಡ ಕಣೇ ಅಂತ ದಿನಾ ಬೈತೀನಿ, ಅವಳು ತಿನ್ನೋದು ಬಿಡಲ್ಲ. ತಿನ್ಲಿ. ನಾನಿರೋವರೆಗೂ ಬಿಚ್ಚಿ ಬಿಚ್ಚಿ ಅವಳ ಅಳತೆಗೆ ತರ್ತಾ ಇರ್ತೀನಿ."