ಲಕ್ಷ್ಮಿದೇವಿಯ ಗೋಧಿ ಬಣ್ಣ

ಮರ್ಫಿ ಟೌನಿನ ಲಕ್ಷ್ಮಿದೇವಿ ಗಂಡು-ಹೆಣ್ಣು ಕೂಡಿಸುವ ಕೆಲಸಕ್ಕೆ ಇಳಿದ ಮೊದಲ ವರ್ಷ ಒಂದು ಮದುವೆಯನ್ನೂ ಮಾಡಿಸಲಾಗಲಿಲ್ಲ. ಕಾರಣ, ಆಕೆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಹೇಳುತ್ತಿದ್ದಳು. ಹುಡುಗಿ ಕಪ್ಪಗಿದ್ದರೆ ಕಪ್ಪು ಅನ್ನುತ್ತಿದ್ದಳು. ಗಂಡಿನ ಕಡೆಯವರು ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಹೆಣ್ಣಿನ ಕಡೆಯವರು ಆಮೇಲೆ ಬೀದಿಯಲ್ಲಿ ಎದುರಾದರೂ ಮಾತಾಡಿಸುತ್ತಿರಲಿಲ್ಲ.

ಸಿಂಧನೂರಿನ ಕಡೆಯಿಂದ ಗಂಡ ಈರೇಶನ ಹಿಂದೆ ಬೆಂಗಳೂರಿಗೆ ಬಂದವಳು ಅವಳು. ಅವಳ ಮದುವೆಯಲ್ಲಿ ಮಧ್ಯಸ್ಥ, "ಬಣ್ಣ ಕಡಿಮಿ, ಕೆಲಸ ಜಾಸ್ತಿ" ಎಂದು ಹೇಳಿಯೇ ಒಪ್ಪಿಸಿದ್ದ. ಅದರಲ್ಲಿ ಬೇಸರ ಪಡುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ. ಬೆಳ್ಳಗಿರುವವರಲ್ಲಿ ಬಣ್ಣ ತುಂಬಿ ತುಳುಕುತ್ತದೆ, ಕಪ್ಪಗಿರುವವರಲ್ಲಿ ಬೇಸಿಗೆಯ ಸಂಪಿನ ಹಾಗೆ ತಳ ಕಂಡಿರುತ್ತದೆ ಎಂದು ಊರೆಲ್ಲ ಆಡುವ ಮಾತೇ ಹೇಳುವಾಗ, ತಾನೊಬ್ಬಳು ಎದುರಾಡಿ ಏನಾಗಬೇಕು?

ಅವಳ ಕೈ ಹಿಡಿದದ್ದು ಪಕ್ಕದ ಕೋಣೆಯ ತಮಿಳು ಅಜ್ಜಿ. ಕಪ್ಪು ಅನ್ನಬೇಡ, ಮಾನಿರಂ ಅನ್ನು ಎಂದು ಆಕೆ ಕಲಿಸಿಕೊಟ್ಟಳು. ಮಾನಿರಂ ಅಂದರೆ ಕಪ್ಪೂ ಅಲ್ಲ, ಬಿಳುಪೂ ಅಲ್ಲ. ಅದು ಯಾವ ಬಣ್ಣವೆಂದು ಯಾರೂ ಬೆರಳಿಟ್ಟು ತೋರಿಸಲಾರರು, ಹಾಗಾಗಿ ಯಾರೂ ತಪ್ಪು ಹಿಡಿಯಲಾರರು. ಲಕ್ಷ್ಮಿದೇವಿಗೆ ಕಣ್ಣು ತೆರೆದಂತಾಯಿತು. ಅಲ್ಲಿಂದ ಮುಂದೆ ಆಕೆ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಆರಿಸುವಷ್ಟೇ ಶ್ರದ್ಧೆಯಿಂದ ಬಣ್ಣದ ಮಾತುಗಳನ್ನು ಆರಿಸತೊಡಗಿದಳು. ಶಿವಾಜಿನಗರದ ದಖನಿ ಮಾತಾಡುವ ಹೆಂಗಸರಿಂದ ತಿಳಿಗಪ್ಪಿಗೆ ಸಾಂವ್ಲಿ ಎಂಬ ಮಾತು ಸಿಕ್ಕಿತು. ಕನ್ನಡದವರೂ ತಮಿಳರೂ ಬೆಳ್ಳಗಿರುವವರನ್ನು ಕೆಂಪಗಿದ್ದಾರೆ ಅನ್ನುತ್ತಾರೆಂಬುದು ಗೊತ್ತೇ ಇತ್ತು. ಅದಕ್ಕೆ ಒಂದು ಹನಿ ಎಣ್ಣೆ ಬಿಟ್ಟರೆ ಎಣ್ಣೆಗೆಂಪು, ಅಂದರೆ ಕೆಂಪು ಅಲ್ಲ. ಹಾಲಿನ ಬಣ್ಣ, ಕೇದಗೆ ಬಣ್ಣ, ಗೋಧಿ ಬಣ್ಣ ಎಂದು ಇಳಿಯುತ್ತ ಹೋದರೆ ಕಟ್ಟಕಡೆಗೆ "ಮುಖದಲ್ಲಿ ಕಳೆ ಐತಿ" ಎಂಬುದು ನಿಂತಿತ್ತು. ಅದರಲ್ಲಿ ಬಣ್ಣದ ಸುದ್ದಿಯೇ ಇಲ್ಲ. ಕೇಳಿದವರಿಗೆ ತಕ್ಷಣ ಅರ್ಥವಾಗುತ್ತಿತ್ತು.

ಈರೇಶ ಹಲಸೂರಿನ ಒಂದು ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುಮಕ್ಕಳ ಮುಖ ತಿಳಿಯಾಗಿಸುತ್ತಿದ್ದ. ಹೆಂಡತಿ ಗೋಧಿ ಎಂದು ಹೇಳಿಬಂದ ಹುಡುಗಿ ಅವನ ಕೈಯಲ್ಲಿ ಕೇದಗೆಯಾಗಿ ಹೊರಬರುತ್ತಿದ್ದಳು. ಇಬ್ಬರೂ ಸೇರಿ ವ್ಯವಹಾರವನ್ನು ಚೆನ್ನಾಗಿಯೇ ನಡೆಸುತ್ತಿದ್ದರು. ಹಲಸೂರಿನಿಂದ ಕೆ.ಆರ್. ಪುರದವರೆಗೆ ಕಲ್ಯಾಣ ಕರ್ನಾಟಕದ ಸಂಸಾರಗಳಿಗೆಲ್ಲ ಲಕ್ಷ್ಮಿದೇವಿ ಬೇಕಾದವಳಾದಳು. ಅಮೃತಮ್ಮನ ಸಂಬಂಧ ಬರುವವರೆಗೆ.

ಅಮೃತಮ್ಮ ಕೆ.ಆರ್. ಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟವಳು. ಮಗ ಲಕ್ಷ್ಮಿಕಾಂತ ಗಿರಣಿ ನೋಡಿಕೊಳ್ಳುತ್ತಿದ್ದ. ಸೊಸೆ ಹೇಗಿರಬೇಕು ಎಂದು ಕೇಳಿದಾಗ ಆಕೆ, ಓದಿರಬೇಕು, ಮನೆಯಲ್ಲಿ ಹೊಂದಿಕೊಂಡು ಹೋಗಬೇಕು, ಬಣ್ಣ ಗೋಧಿಗಿಂತ ಕೆಳಗಿಳಿಯಬಾರದು ಎಂದು ಹೇಳಿದ್ದಳು. ಲಕ್ಷ್ಮಿದೇವಿಯ ಬಳಿ ಆಗ ಇದ್ದವಳು ಹಲಸೂರಿನ ಭಗವಂತರಾಯನ ಮಗಳು ಉಮಾಶ್ರೀ. ಇಂದಿರಾನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ಒಳ್ಳೆಯ ಎತ್ತರ, ನಿಧಾನವಾದ ಮಾತು, ಅಚ್ಚ ಕಪ್ಪು. ಲಕ್ಷ್ಮಿದೇವಿ ಎಂದಿನಂತೆ ಗೋಧಿ ಬಣ್ಣ ಅಂದುಬಿಟ್ಟಳು. ಕೇಳುತ್ತಿರುವವಳು ಗಿರಣಿಯವಳು ಎಂಬುದು ಆ ಹೊತ್ತಿಗೆ ತಲೆಗೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಭಗವಂತರಾಯನ ಮನೆಯಲ್ಲಿ ಹೆಣ್ಣು ನೋಡಲು ಎಲ್ಲರೂ ಕೂತಿದ್ದರು. ಉಮಾಶ್ರೀ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ಎದುರಿಗೆ ಕುಳಿತಳು. ಅಮೃತಮ್ಮ ಅವಳನ್ನು ನೋಡಿದಳು, ಆಮೇಲೆ ಲಕ್ಷ್ಮಿದೇವಿಯ ಕಡೆ ತಿರುಗಿದಳು.

"ನನ್ನ ಜೀವಮಾನ ಎಲ್ಲಾ ಗೋಧಿ ಬೀಸೀನಿ. ಇದು ಯಾವ ಗೋಧಿ, ಒಂದೀಟು ಹೇಳ್ರಿ."

ಲಕ್ಷ್ಮಿದೇವಿ ಎಂಥ ಮಾತಿಗೂ ಉತ್ತರ ಇಟ್ಟುಕೊಂಡೇ ಓಡಾಡುವವಳು. ಗೋಧಿಯಲ್ಲಿ ಒಂದೇ ಜಾತಿಯೇ, ನಮ್ಮ ಕಡೆಯ ಜವೆ ಗೋಧಿ ಇಲ್ಲವೇ, ಅದರ ಬಣ್ಣ ಸ್ವಲ್ಪ ಗಾಢ ಎಂದಳು. ಜವೆ ಗೋಧಿ ಕೆಂಪೇ ಹೊರತು ಇಷ್ಟು ಗಾಢ ಅಲ್ಲ ಎಂದಳು ಅಮೃತಮ್ಮ. ಆಗ ಭಗವಂತರಾಯ ಬಾಯಿ ಹಾಕಿದ. ಮಗಳನ್ನು ಬಿಟ್ಟುಕೊಡಬಾರದೆಂದೋ, ಜವೆ ಗೋಧಿಯನ್ನು ಬಿಟ್ಟುಕೊಡಬಾರದೆಂದೋ ಹೇಳುವುದು ಕಷ್ಟ. ಬೀದರ್ ಕಡೆಯ ತನ್ನ ಹೊಲದಲ್ಲಿ ಬೆಳೆಯುತ್ತಿದ್ದ ಗೋಧಿ ಹೇಗಿತ್ತು, ಅದರ ಹುಗ್ಗಿ ಹೇಗಾಗುತ್ತಿತ್ತು, ಈಗ ಗಿರಣಿಗಳಲ್ಲಿ ಎಂಥ ಕಲಬೆರಕೆ ಬರುತ್ತಿದೆ ಎಂದು ಶುರು ಮಾಡಿದ. ಕಲಬೆರಕೆ ಎಂಬ ಮಾತು ಅಮೃತಮ್ಮನಿಗೆ ಚುಚ್ಚಿತು. ತನ್ನ ಗಿರಣಿಯಲ್ಲಿ ಅಂಥದ್ದು ನಡೆಯುವುದಿಲ್ಲ ಎಂದಳು. ಲಕ್ಷ್ಮಿಕಾಂತನದೊಂದು ಬಿಟ್ಟು ಉಳಿದವರ ತಟ್ಟೆಯ ಉಪ್ಪಿಟ್ಟು ಆರಿಹೋಯಿತು. ಗೋಧಿಯ ಮೇಲೆ ಮಾತು ಬೆಳೆಯುತ್ತ ಬೆಳೆಯುತ್ತ ಹುಡುಗಿ ಎದುರಿಗಿದ್ದಾಳೆಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಉಮಾಶ್ರೀ ಲಕ್ಷ್ಮಿದೇವಿಯನ್ನು ಕೇಳಿದಳು: "ಆಂಟಿ, ನಮ್ಮ ಮನೇಲಿ ಇವ್ರ ಬಣ್ಣ ಏನಂತ ಹೇಳಿದ್ರಿ?"

ಇವರು ಅಂದರೆ ಲಕ್ಷ್ಮಿಕಾಂತ. ಲಕ್ಷ್ಮಿದೇವಿ ಅವನ ಕಡೆ ನೋಡಿದಳು. ಉಮಾಶ್ರೀಯಷ್ಟೇ ಕಪ್ಪಗಿದ್ದ. ಅವನ ವಿಷಯದಲ್ಲಿ ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು: ಸ್ವಂತ ಗಿರಣಿ, ಮಹಡಿ ಮನೆ, ಚಟ ಇಲ್ಲ. ಬಣ್ಣ ಹೇಳಿರಲಿಲ್ಲ. ಈ ಗಂಡಿನದು ಮಾತ್ರವಲ್ಲ, ಇಲ್ಲಿಯವರೆಗೆ ಯಾವ ಗಂಡಿನದೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹುಡುಗಿಯರಿಗಾಗಿ ಮೂರು ಭಾಷೆಗಳಿಂದ ಹೆಕ್ಕಿ ತಂದ ಮಾತುಗಳಲ್ಲಿ ಯಾವುದನ್ನು ಎತ್ತಿ ಅವನ ಮೈಗೆ ತೊಡಿಸಿದರೂ ಹೊಂದುತ್ತಿರಲಿಲ್ಲ. ಗಂಡಸನ್ನು ಕೇದಗೆ ಅನ್ನುವುದುಂಟೇ? ಗಟ್ಟಿ ಆಳು ಎಂದು ಏನೋ ತೊದಲಿದಳು.

ಲಕ್ಷ್ಮಿಕಾಂತ ತನ್ನ ಮುಂಗೈಯನ್ನು ತಿರುಗಿಸಿ ನೋಡಿಕೊಂಡು ನಕ್ಕ. "ರಾಗಿ ಅಂತ ಹಾಕ್ಕೊಳ್ಳಿ ಅಕ್ಕ," ಎಂದ. ಉಮಾಶ್ರೀಯೂ ನಕ್ಕಳು. ಅಮೃತಮ್ಮ ಮಾತ್ರ ನಗಲಿಲ್ಲ. ಗಂಡಸಿನ ಬಣ್ಣ ಕಟ್ಟಿಕೊಂಡು ಏನಾಗಬೇಕಿದೆ ಎಂದು ಎದ್ದಳು.

ಸಂಬಂಧ ಕೂಡಲಿಲ್ಲ. ವಿಚಿತ್ರವೆಂದರೆ ಬೇಡ ಎಂದದ್ದು ಉಮಾಶ್ರೀ. ವಾರವಾದ ಮೇಲೆ ಅಮೃತಮ್ಮ ತಾನಾಗಿಯೇ ಫೋನು ಮಾಡಿ, ಹುಡುಗಿಗೆ ಸರ್ಕಾರಿ ಆಸ್ಪತ್ರೆಯ ಕೆಲಸ ಸಿಗುವ ಹಾಗಿದ್ದರೆ ಬಣ್ಣ ನೋಡುವುದಿಲ್ಲ ಎಂದು ಹೇಳಿದಳು. ಅದನ್ನು ತಿಳಿಸಿದಾಗ ಉಮಾಶ್ರೀ, ಹುಡುಗ ಒಳ್ಳೆಯವನೇ, ಆದರೆ ಅಷ್ಟು ಹೊತ್ತು ಅವರಮ್ಮ ತನ್ನನ್ನು ಚೀಲದಲ್ಲಿ ಕೈ ಹಾಕಿ ಕಾಳು ನೋಡಿದ ಹಾಗೆ ನೋಡುವಾಗ ಅವನು ಉಪ್ಪಿಟ್ಟು ತಿನ್ನುತ್ತಿದ್ದ ಎಂದಳು.

ಆ ಸಂಜೆಯೇ ಅವಳು ಡ್ಯೂಟಿ ಮುಗಿಸಿ ನೇರವಾಗಿ ಮರ್ಫಿ ಟೌನಿನ ಕೋಣೆಗೆ ಬಂದಳು. ಹೊಸದಾಗಿ ವಿವರ ಹಾಕಬೇಕೆಂದಳು. ಬಣ್ಣದ ಮುಂದೆ ಕಪ್ಪು ಎಂದೇ ಇರಬೇಕು. ಲಕ್ಷ್ಮಿದೇವಿ ಗಾಬರಿಯಾದಳು. ಹಾಗೆ ಹಾಕಿದರೆ ಬೈದ ಹಾಗಾಗುತ್ತದೆ, ಬೇಕಾದರೆ ಆ ಸಾಲನ್ನೇ ಬಿಟ್ಟುಬಿಡೋಣ ಎಂದಳು. ಬಿಟ್ಟರೂ ಜನ ಕಪ್ಪು ಅಂತಲೇ ತಿಳಿಯುತ್ತಾರಲ್ಲ ಎಂದಳು ಉಮಾಶ್ರೀ. ಅದು ನಿಜವಾಗಿತ್ತು.

"ಕಪ್ಪು ಅಂದ್ರೆ ಬೈಗುಳ ಅಲ್ಲ ಆಂಟಿ. ಬಣ್ಣ. ಹಾಕಿ."

ಕೊನೆಗೆ ಲಕ್ಷ್ಮಿದೇವಿ ಆ ಎರಡಕ್ಷರ ಒತ್ತಿ, ಫೋಟೊ ಸಮೇತ ಸಂಬಂಧ ಹುಡುಕುವವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಫೋಟೊವನ್ನು ಮುಟ್ಟಕೂಡದೆಂದು ಈರೇಶನಿಗೂ ಕಟ್ಟಪ್ಪಣೆಯಾಗಿತ್ತು. ಕೈ ಕಟ್ಟಿಹಾಕಿದ ಹಾಗಾಗಿ ಅವನು ಹಿನ್ನೆಲೆಯ ಪರದೆಯನ್ನಾದರೂ ತಿಳಿ ಮಾಡಿ ಸಮಾಧಾನಪಟ್ಟುಕೊಂಡ.

ಮರುದಿನ ಫೋನುಗಳು ಬಂದವು. ತಪ್ಪಾಗಿ ಬರೆದಿದ್ದೀರಿ ಎಂದರು ಕೆಲವರು. ಹುಡುಗಿಯ ಮನೆಯವರೊಡನೆ ಏನಾದರೂ ಜಗಳವಾಯಿತೇ ಎಂದು ಒಬ್ಬಾಕೆ ವಿಚಾರಿಸಿದಳು. ಆಮೇಲೆ ಆದದ್ದು ಮಾತ್ರ ಲಕ್ಷ್ಮಿದೇವಿ ಎಣಿಸದ ಸಂಗತಿ. ಇಷ್ಟು ದಿನ ಗೋಧಿ ಎಂದರೆ ಕಪ್ಪು, ಕೆಂಪು ಎಂದರೆ ಗೋಧಿ ಎಂದು ಒಂದೊಂದು ಮೆಟ್ಟಿಲು ಇಳಿಸಿ ಓದಲು ಕಲಿತಿದ್ದ ಜನಕ್ಕೆ ಕಪ್ಪು ಎಂಬುದನ್ನು ಎಲ್ಲಿಗೆ ಇಳಿಸುವುದೋ ತಿಳಿಯಲಿಲ್ಲ. ಕೆಳಗೆ ಮೆಟ್ಟಿಲೇ ಇರಲಿಲ್ಲ. ಹಾಗಾಗಿ ಮೇಲಕ್ಕೆ ಹತ್ತಿಸಿದರು. ಇಷ್ಟು ಧೈರ್ಯವಾಗಿ ಬರೆದಿದ್ದಾರೆಂದರೆ ಹುಡುಗಿ ಕೆಂಪಗೇ ಇರಬೇಕು, ಫೋಟೊ ಸರಿ ಬಂದಿಲ್ಲ ಎಂದುಕೊಂಡು ಸಾಲುಸಾಲಾಗಿ ನೋಡಲು ಬಂದರು. ನೋಡಿ, ಮೋಸವಾಯಿತು ಎಂದು ಲಕ್ಷ್ಮಿದೇವಿಯನ್ನು ಬೈದು ಹೋದರು. ಸುಳ್ಳು ಹೇಳಿ ಬೈಸಿಕೊಂಡದ್ದಕ್ಕಿಂತ ಹೆಚ್ಚು ಬೈಗುಳ ಅವಳಿಗೆ ಆ ಒಂದು ನಿಜಕ್ಕೆ ಸಿಕ್ಕಿತು.

ಬೈಯಪ್ಪನಹಳ್ಳಿಯ ಮೆಟ್ರೊ ಡಿಪೋದಲ್ಲಿ ರಿಪೇರಿ ಕೆಲಸದ ಬಸುವಿನ ಮನೆಯವರು ಬಂದದ್ದು ಅದೇ ಸಾಲಿನಲ್ಲಿ. ಬರುವ ಮೊದಲೇ ಉಮಾಶ್ರೀಯ ಮಾತಿನಂತೆ ಲಕ್ಷ್ಮಿದೇವಿ ಹುಡುಗನ ಬಣ್ಣ ಏನೆಂದು ಕೇಳಿದ್ದಳು. ಬಸುವಿನ ತಂದೆ ಫೋನಿನಲ್ಲಿ, ತಡೆಯಿರಿ, ಇಲ್ಲೇ ಇದ್ದಾನೆ, ನೋಡಿ ಹೇಳುತ್ತೇನೆ ಎಂದಿದ್ದ. ಕಪ್ಪೇ ಎಂದು ಆಮೇಲೆ ತಿಳಿಸಿದ.

ಉಮಾಶ್ರೀ ಬಂದು ಕುಳಿತಳು. ಬಸು ಅವಳ ನೈಟ್ ಡ್ಯೂಟಿಯ ಬಗ್ಗೆ ಕೇಳಿದ, ಅವಳು ಅವನದನ್ನು ಕೇಳಿದಳು. ಇಬ್ಬರಿಗೂ ಆಗಾಗ ರಾತ್ರಿ ಪಾಳಿ ಬರುತ್ತದೆಂದು ಗೊತ್ತಾಗಿ ಮಾತು ಸಲೀಸಾಯಿತು. ಹೊರಡುವಾಗ ಬಸುವಿನ ತಂದೆ ಚಪ್ಪಲಿ ಮೆಟ್ಟುತ್ತ, ಒಪ್ಪಿಗೆಯಾಯಿತು ಎಂದು ಲಕ್ಷ್ಮಿದೇವಿಗೆ ಹೇಳಿದ. "ನೀವು ಹೇಳ್ದಂಗೇ ಅದಾಳ ನೋಡ್ರಿ ಹುಡುಗಿ," ಎಂದೂ ಸೇರಿಸಿದ.

ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲ ದೂರುಗಳಿಗೂ ಉತ್ತರ ಕಟ್ಟಿಟ್ಟುಕೊಂಡಿದ್ದ ಲಕ್ಷ್ಮಿದೇವಿ ಇದಕ್ಕೆ, ಮೆಟ್ಟಿಲ ಹತ್ತಿರ ಜಾರುತ್ತದೆ, ನೋಡಿಕೊಂಡು ಇಳಿಯಿರಿ ಎಂದಷ್ಟೇ ಹೇಳಿದಳು.