ಟಾರ್ಚು ಹಿಡಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಕೈಗೆ ಚಿನ್ನ ಕೊಟ್ಟರೂ ಒರೆಗಲ್ಲು ಕೇಳುವ ಆಸಾಮಿ. ತಮ್ಮ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೂ ರೀಲು ಕ್ಯಾಮೆರಾ ಬಿಡಲಿಲ್ಲ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ ಹಳೇ ಲೆನ್ಸು ಕೊಳ್ಳಲು ಅವರು ಬಂದರೆ ಅಂಗಡಿಯವನ ಮುಖ ಹುಳ್ಳಗಾಗುತ್ತಿತ್ತು. ಹಿಂದಿನಿಂದ ಟಾರ್ಚು ಬಿಟ್ಟು, ಗಾಜಿನೊಳಗೆ ಬೂಷ್ಟು ಹುಡುಕುತ್ತಿದ್ದರು. ಗಾಜು ಫಳಫಳ ಹೊಳೆದರಂತೂ ಅನುಮಾನ ಇಮ್ಮಡಿ. "ಇಷ್ಟು ಚೊಕ್ಕಟವಾಗಿದೆ ಅಂದ್ರೆ ಯಾರೋ ಬಿಚ್ಚಿದಾರೆ" ಅಂದು ಸ್ಕ್ರೂಗಳ ತಲೆ ಸವರಿ ನೋಡುತ್ತಿದ್ದರು.

ಈ ವರ್ಷ ಒಂದು ಲೆನ್ಸೂ ಪಾಸಾಗಲಿಲ್ಲ. ಎಲ್ಲದರಲ್ಲೂ ಮಬ್ಬು. "ಅಂಗಡಿಯವರೆಲ್ಲ ಒಂದಾಗಿಬಿಟ್ಟಿದಾರೆ ಕಣೋ" ಎಂದರು ನನ್ನ ಹತ್ತಿರ. ಮನೆಯ ಬೀರುವಿನಲ್ಲಿದ್ದ ತಮ್ಮದೇ ಲೆನ್ಸು ತೆಗೆದು ನೋಡಿದರು. ಅದರಲ್ಲೂ ಮಬ್ಬು. ಯಾರೋ ಬದಲಾಯಿಸಿದ್ದಾರೆಂದು ಚಿಕ್ಕಮ್ಮನನ್ನೇ ಗುಮಾನಿಯಿಂದ ನೋಡಿದರು. ಚಿಕ್ಕಮ್ಮ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿ ಒಳಗೆ ಹೊಸ ಲೆನ್ಸು ಕೂರಿಸಬೇಕು ಎಂದರು ಡಾಕ್ಟರು.

ಚಿಕ್ಕಪ್ಪ ಜೇಬಿನಿಂದ ಟಾರ್ಚು ತೆಗೆದರು. "ಕೂರಿಸೋ ಮುಂಚೆ ಒಂದ್ಸಲ ನನ್ನ ಕೈಗೆ ಕೊಡಿ. ನೋಡಿ ಹೇಳ್ತೀನಿ."

ಚಿಕ್ಕಮ್ಮ ಅಂದರು: "ಯಾವ ಕಣ್ಣಲ್ಲಿ ನೋಡ್ತೀರಿ?"